ಅಕ್ಕನ ಜೊತೆ ಪೂರ್ವದ ರೋಮ್‌ಗೆ

ಅಳ್ನಾವರ ಸ್ಟೇಷನ್ನಿನಲ್ಲಿ ಮಳೆಯ ಎರಚಲು. ಅಕ್ಕ ಕಲ್ಲಿನ ಬೆಂಚಿನ ಮೇಲೆ ಕುಳಿತು ಬುತ್ತಿಯ ಚೀಲಕ್ಕೆ ಸೆರಗು ಮುಚ್ಚಿಕೊಂಡಿದ್ದಳು. ಒಳಗೆ ಹನ್ನೆರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೆಸರುಕಾಳಿನ ಪಲ್ಯ, ಒಂದು ಡಬ್ಬಿ ಮೊಸರು. ಒಂದು ರಾತ್ರಿ ಇದ್ದು ಬರುವವರಿಗೆ ಇಷ್ಟೆಲ್ಲ ಯಾಕೆ ಎಂದೆ.

"ಪರ ಊರಾಗ ಏನ್ ಸಿಗತೈತೋ ಇಲ್ಲೋ. ನೀ ಸುಮ್ನ ಕುಂಡ್ರು" ಎಂದಳು.

ನಮ್ಮ ಊರಿಗೆ ಗೋವೆ ಪರ ಊರೇನೂ ಅಲ್ಲ. ಹುಬ್ಬಳ್ಳಿಯಿಂದ ಹೊರಟ ರೈಲು ಧಾರವಾಡ, ಅಳ್ನಾವರ ದಾಟಿ ಲೋಂಡಾ ಮುಟ್ಟಿದರೆ ಅಲ್ಲಿಂದ ಗೋವೆಯ ಘಟ್ಟ ಹತ್ತಿರವೇ. ದುಡಿಯಲು ಹೋದವರು, ಮೀನು ತರಲು ಹೋದವರು, ಹೊಸವರ್ಷಕ್ಕೆ ಮೋಟರ್ ಸೈಕಲ್ ಏರಿ ಹೋದ ಹುಡುಗರು ಓಣಿಗೆ ನಾಲ್ಕು ಜನ ಸಿಗುತ್ತಾರೆ. ನನ್ನ ಅಕ್ಕ ಮಾತ್ರ ತನ್ನ ನಲವತ್ತಾರು ವರ್ಷಗಳಲ್ಲಿ ಒಮ್ಮೆಯೂ ಆ ಘಟ್ಟ ಇಳಿದಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಆ ಕಾರಣದಲ್ಲಿ ನನ್ನ ಪಾಲೂ ಇತ್ತು.

ನೂರೈವತ್ತು ರೂಪಾಯಿ

1993ರಲ್ಲಿ ಅಕ್ಕ ಒಂಬತ್ತನೆಯ ತರಗತಿಯಲ್ಲಿದ್ದಳು. ಶಾಲೆಯಿಂದ ಗೋವೆಗೆ ಟ್ರಿಪ್ ಹೊರಟಿತು. ತಲೆಗೆ ನೂರೈವತ್ತು ರೂಪಾಯಿ. ಅಕ್ಕನಿಗೆ ಚರಿತ್ರೆಯ ಹುಚ್ಚು. ಹಳೇ ಗೋವೆಯನ್ನು 'ಪೂರ್ವದ ರೋಮ್' ಎನ್ನುತ್ತಾರೆಂದು ಮೇಷ್ಟ್ರು ಪಾಠದಲ್ಲಿ ಹೇಳಿದ್ದರು. ರೋಮ್‌ಗಂತೂ ಈ ಜನ್ಮದಲ್ಲಿ ಹೋಗುವುದಾಗುವುದಿಲ್ಲ, ಪೂರ್ವದ ರೋಮನ್ನಾದರೂ ನೋಡುತ್ತೇನೆ ಎಂದು ಅಪ್ಪನ ಮುಂದೆ ಒಂದು ವಾರ ಅತ್ತಳು. ಅಪ್ಪನ ಕೈಯಲ್ಲಿ ದುಡ್ಡಿರಲಿಲ್ಲ. ಅಕ್ಕ ಕಣ್ಣೊರೆಸಿಕೊಂಡು ಸುಮ್ಮನಾದಳು.

ಎರಡು ವರ್ಷದ ನಂತರ ಅದೇ ಟ್ರಿಪ್ ಮತ್ತೆ ಬಂತು. ಆಗ ನಾನು ಒಂಬತ್ತನೆಯ ತರಗತಿ. ಅಪ್ಪ ಎಲ್ಲಿಂದಲೋ ಸಾಲ ತಂದು ದುಡ್ಡು ಕಟ್ಟಿದ. ಅಷ್ಟರಲ್ಲಿ ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಉಳಿದಿದ್ದಳು. ನಾನು ಹೊರಡುವ ದಿನ ನಸುಕಿನಲ್ಲೆದ್ದು ಅವಳೇ ಬುತ್ತಿ ಕಟ್ಟಿ ಕೊಟ್ಟಳು.

ತಿರುಗಿ ಬಂದ ರಾತ್ರಿ ಅಕ್ಕ ಹಾಸಿಗೆಯ ಪಕ್ಕ ಕುಳಿತು ಒಂದೊಂದಾಗಿ ಕೇಳಿದಳು. ಚರ್ಚು ಎಷ್ಟು ದೊಡ್ಡದು? ಒಳಗೆ ಏನಿದೆ? ಆ ಸಂತನ ದೇಹ ಇನ್ನೂ ಇದೆಯಂತೆ, ನೀನು ನೋಡಿದೆಯಾ? ನಾನು ಹೂಂ ಹೂಂ ಎನ್ನುತ್ತ ಬಾಯಿಗೆ ಬಂದದ್ದನ್ನು ಹೇಳಿದೆ. ನಿಜ ಹೇಳಬೇಕೆಂದರೆ ನಾನು ಒಳಗೆ ಐದು ನಿಮಿಷವೂ ನಿಂತಿರಲಿಲ್ಲ. ಗೆಳೆಯರ ಜೊತೆ ಐಸ್‌ಕ್ಯಾಂಡಿ ಗಾಡಿಯ ಕಡೆ ಓಡಿದ್ದೆ. ನನಗೆ ನೆನಪಿದ್ದದ್ದು ಸಮುದ್ರ ಮತ್ತು ಐಸ್‌ಕ್ಯಾಂಡಿ, ಎರಡೇ.

ಈಗ ನಾನೇ ಹೈಸ್ಕೂಲು ಮಾಸ್ತರ. ಪ್ರತಿ ವರ್ಷ ಟ್ರಿಪ್ಪಿನ ಪಟ್ಟಿ ಬರೆಯುವಾಗ ದುಡ್ಡು ಕಟ್ಟದ ಹುಡುಗಿಯರ ಹೆಸರು ಕಣ್ಣಿಗೆ ಬೀಳುತ್ತದೆ. ಆದರೂ ಅಕ್ಕನ ಸಾಲ ತೀರಿಸಲು ನನಗೆ ಇಷ್ಟು ವರ್ಷ ಬೇಕಾಯಿತು. ಅದೂ ನಾನಾಗಿ ಎದ್ದದ್ದಲ್ಲ. ಕಳೆದ ವರ್ಷ ಅಕ್ಕನ ಮಗಳು ಪಿಯುಸಿ ಸೈನ್ಸಿನಲ್ಲಿ ಒಳ್ಳೆಯ ಅಂಕ ತೆಗೆದು, "ನಾ ಎಂಜಿನಿಯರಿಂಗ್ ಒಲ್ಲೆ, ಇತಿಹಾಸ ಓದತೀನಿ, ಮುಂದ ಆರ್ಕಿಯಾಲಜಿ ಮಾಡತೀನಿ" ಎಂದು ಕುಳಿತಳು. ಮಾಮಾ ಸಿಟ್ಟಾಗಿ ಮಾತು ಬಿಟ್ಟರು. ನಡುವೆ ಸಿಕ್ಕ ಅಕ್ಕ ನನ್ನ ಮನೆಗೆ ಬಂದು ಕುಳಿತಳು. ಆಗ ನನ್ನ ಬಾಯಿಂದ ಬಂತು: "ಅಕ್ಕಾ, ಈ ಶನಿವಾರ ನಡಿ, ಹಳೇ ಗೋವಾ ನೋಡಿ ಬರೂಣು."

ಘಟ್ಟ ಇಳಿಯುವ ಗಾಡಿ

ಲೋಂಡಾದಲ್ಲಿ ಗಾಡಿ ಬದಲಿಸಿ ಕಿಟಕಿ ಪಕ್ಕ ಕುಳಿತೆವು. ತಿನೈಘಾಟ್ ದಾಟಿದ ಮೇಲೆ ಕಾಡು ಎರಡೂ ಕಡೆಯಿಂದ ರೈಲಿನ ಮೈಗೆ ತಾಗುವಷ್ಟು ಹತ್ತಿರ ಬಂತು. ಕ್ಯಾಸಲ್‌ರಾಕ್‌ನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಜೋಯಿಡಾ ತಾಲ್ಲೂಕಿನ ಈ ಪುಟ್ಟ ಊರು ಒಂದು ಕಾಲಕ್ಕೆ ಎರಡು ಸಾಮ್ರಾಜ್ಯಗಳ ಗಡಿ. ಈಚೆ ಬ್ರಿಟಿಷರ ಸದರ್ನ್ ಮರಾಠಾ ರೈಲ್ವೆ, ಆಚೆ ಪೋರ್ಚುಗೀಸರ ನೆಲದಲ್ಲಿ ಮುರ್ಮಗೋವಾ ಬಂದರಿಗೆ ಇಳಿಯುವ ದಾರಿ. 1888ರಲ್ಲಿ ಎರಡೂ ಇಲ್ಲಿ ಕೂಡಿದವು. ಬಯಲುಸೀಮೆಯ ಹತ್ತಿ ಕಡಲು ಮುಟ್ಟಲಿ ಎಂದು ಹಾಕಿದ ಹಳಿ ಇದು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಗುವ ತನಕ ಇಲ್ಲಿಂದ ಮುಂದೆ ಬೇರೆ ದೇಶ.

ಕ್ಯಾಸಲ್‌ರಾಕ್‌ನಿಂದ ಕುಳೇಂವರೆಗೆ ಸುಮಾರು 26 ಕಿಲೋಮೀಟರ್ ಇಳಿಜಾರು. 37 ಅಡಿ ಮುಂದೆ ಹೋದರೆ ಒಂದು ಅಡಿ ಕೆಳಕ್ಕೆ. ರೈಲಿನ ಲೆಕ್ಕದಲ್ಲಿ ಇದು ಬಹಳ ಕಡಿದು. ಆದ್ದರಿಂದ ಇಲ್ಲಿ ಹೆಚ್ಚಿನ ಎಂಜಿನ್ನುಗಳನ್ನು ಜೋಡಿಸುತ್ತಾರೆ. ಹತ್ತುವಾಗ ದೂಡಲು, ಇಳಿಯುವಾಗ ತಡೆಯಲು. ಸುರಂಗ ಬಂದಾಗಲೆಲ್ಲ ಡಬ್ಬಿಯ ಹುಡುಗರು ಕೂಗಿದರು. ಅಕ್ಕ ಮೊದಲ ಎರಡು ಸುರಂಗಗಳಲ್ಲಿ ನನ್ನ ತೋಳು ಹಿಡಿದಳು, ಮೂರನೆಯದರಲ್ಲಿ ಬಿಟ್ಟಳು.

ದೂಧಸಾಗರ ಬಂದಾಗ ಯಾರೂ ಹೇಳಬೇಕಾಗಲಿಲ್ಲ. ಇಡೀ ಡಬ್ಬಿ ಒಂದೇ ಕಡೆ ವಾಲಿತು. 300 ಮೀಟರಿಗೂ ಎತ್ತರದಿಂದ ಹಾಲು ಚೆಲ್ಲಿದ ಹಾಗೆ ನೀರು. ಸೇತುವೆಯ ಮೇಲೆ ಗಾಡಿ ಮೆಲ್ಲಗೆ ಸಾಗಿತು. ತುಂತುರು ಒಳಗೆ ಬಂದು ಅಕ್ಕನ ಮುಖ ತೋಯಿಸಿತು. ಅವಳು ಒರೆಸಿಕೊಳ್ಳಲಿಲ್ಲ.

"ನೀ ಹೋದಾಗ ಇದನ್ನ ನೋಡಿದ್ದೇನು?" ಎಂದು ಕೇಳಿದಳು.

"ಇಲ್ಲ. ಆಗ ಬಸ್ಸಿನ್ಯಾಗ ಹೋಗಿದ್ವಿ."

"ಹಂಗಾರ ಇದು ಇಬ್ಬರಿಗೂ ಹೊಸಾದು" ಎಂದು ನಕ್ಕಳು. ನನಗೆ ಸ್ವಲ್ಪ ಹಗುರೆನಿಸಿತು.

ಮಹದಾಯಿಯ ದಂಡೆಯಲ್ಲಿ

ಮಡಗಾಂವದಲ್ಲಿ ಇಳಿದು ಪಣಜಿಯ ಬಸ್ಸು ಹಿಡಿದೆವು. ಬಸ್ಸಿನ ಮೈಮೇಲೆ 'ಕದಂಬ' ಎಂದು ಬರೆದಿತ್ತು. ಅಕ್ಕ ಅದನ್ನು ಎರಡು ಸಲ ಓದಿ, "ಇವರಿಗ್ಯಾಕ ನಮ್ಮ ಕದಂಬರ ಹೆಸರು?" ಎಂದಳು. ಗೋವೆಯ ಸರ್ಕಾರಿ ಸಾರಿಗೆ ಸಂಸ್ಥೆಗೆ 1980ರಿಂದಲೂ ಅದೇ ಹೆಸರು. ಗೋವೆಯನ್ನು ಆಳಿದ ಕದಂಬರ ಶಾಖೆಗೆ ನಮ್ಮ ಖಾನಾಪುರ ತಾಲ್ಲೂಕಿನ ಹಲಸಿಯೂ ರಾಜಧಾನಿಯಂತಿತ್ತು. ಬನವಾಸಿಯ ಹಳೆಯ ಕದಂಬರ ಕಾಲಕ್ಕೆ ಅದರ ಹೆಸರು ಪಲಾಶಿಕಾ. ಹನ್ನೊಂದನೆಯ ಶತಮಾನದಲ್ಲಿ ಜಯಕೇಶಿ ಎಂಬ ದೊರೆ ತನ್ನ ರಾಜಧಾನಿಯನ್ನು ಜುವಾರಿ ನದಿಯ ದಂಡೆಯ ಗೋಪಕಪಟ್ಟಣಕ್ಕೆ ತಂದ. ಕಿತ್ತೂರಿನ ಹತ್ತಿರದ ದೇಗಾಂವಿಯಲ್ಲಿ ಕಮಲನಾರಾಯಣ ಗುಡಿಯಿದೆಯಲ್ಲ, ಅದನ್ನು ಕಟ್ಟಿಸಿದವಳು ಇದೇ ಮನೆತನದ ರಾಣಿ ಕಮಲಾದೇವಿ. ಇದಿಷ್ಟನ್ನು ಹೇಳಿದಾಗ ಅಕ್ಕ, "ಅಂದ್ರ ನಾವು ಪರ ಊರಿಗಿ ಬಂದಿಲ್ಲ" ಎಂದಳು.

ಪಣಜಿಯಲ್ಲಿ ಒಂದು ಸಾದಾ ಲಾಡ್ಜು. ಚೀಲ ಇಟ್ಟು ಸಂಜೆ ಮಾಂಡೋವಿ ನದಿಯ ದಂಡೆಗೆ ಬಂದೆವು. ಬಸ್ ಸ್ಟ್ಯಾಂಡಿನ ಬಳಿ ಹಣ್ಣು ಮಾರುತ್ತಿದ್ದ ಹೆಂಗಸು ನಮ್ಮ ಮಾತು ಕೇಳಿ, "ಯಾವೂರಾಗಾತರಿ?" ಎಂದಳು. ಗದಗದ ಕಡೆಯವಳು. ಬಂದು ಇಪ್ಪತ್ತು ವರ್ಷವಾಯಿತಂತೆ. ಮಳೆ ಕೈಕೊಟ್ಟ ವರ್ಷ ಬಂದವರು ಇಲ್ಲೇ ಉಳಿದರಂತೆ. ಗೋವೆಯ ಎಷ್ಟೋ ಕಟ್ಟಡಗಳ ಇಟ್ಟಿಗೆ ಹೊತ್ತವರು ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರದ ಜನ. ಅಕ್ಕ ನಾಲ್ಕು ರೊಟ್ಟಿ ತೆಗೆದು ಅವಳ ಬುಟ್ಟಿಯ ಮೇಲಿಟ್ಟಳು. ಹನ್ನೆರಡು ರೊಟ್ಟಿಯ ಲೆಕ್ಕ ನನಗೆ ಆಗ ತಿಳಿಯಿತು.

ಮಾಂಡೋವಿ ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ಮಹದಾಯಿಯೇ. ಖಾನಾಪುರದ ಕಾಡಿನಲ್ಲಿ ಹುಟ್ಟಿ ಇಲ್ಲಿ ಕಡಲು ಸೇರುತ್ತದೆ. ಇದರ ಹಳ್ಳಗಳ ನೀರು ಮಲಪ್ರಭೆಗೆ ಬರಲಿ ಎಂದು ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕುಳಿತದ್ದನ್ನು ನಾವು ಕಂಡವರೇ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕದ ಪಾಲಿಗೆ 13.42 ಟಿಎಂಸಿ ಹಂಚಿತು. ಅಲ್ಲಿ ಪೇಪರಿನಲ್ಲಿ ಓದಿದ ನೀರು ಇಲ್ಲಿ ಕಣ್ಣ ಮುಂದೆ ಅಗಲವಾಗಿ, ಕೆಂಪಾಗಿ ಹರಿಯುತ್ತಿತ್ತು. ಅದರ ಮೇಲೆ ಜೂಜಿನ ಹಡಗುಗಳ ಬಣ್ಣದ ದೀಪ.

ರಾತ್ರಿ ಕೋಣೆಯಲ್ಲಿ ರೊಟ್ಟಿ ತಿನ್ನುತ್ತ ಅಕ್ಕ ತನ್ನ ಮಗಳ ಮಾತು ತೆಗೆದಳು.

"ಇತಿಹಾಸ ಓದಿದ್ರ ಹೊಟ್ಟಿ ತುಂಬತೈತೇನೋ ತಮ್ಮಾ? ನೀ ಖರೇ ಹೇಳು."

ನಾನು ಕೂಡಲೇ ಉತ್ತರ ಕೊಡಲಿಲ್ಲ. ಮಾಸ್ತರರಿಗೆ ಇಂಥ ಪ್ರಶ್ನೆಗೆ ಉಪದೇಶ ಸಿದ್ಧವಿರುತ್ತದೆ. ಆದರೆ ಮಾಮಾನ ಅಂಜಿಕೆ ಸುಳ್ಳಲ್ಲ. ಎಂಜಿನಿಯರಿಂಗ್ ಮುಗಿಸಿದ ಹುಡುಗರಿಗೇ ಕೆಲಸಕ್ಕೆ ಅಲೆದಾಟ. ಆರ್ಕಿಯಾಲಜಿಯಲ್ಲಿ ಹುದ್ದೆಗಳು ಕಡಿಮೆ, ಓದು ಉದ್ದ, ಪೈಪೋಟಿ ಹೆಚ್ಚು. ಇದನ್ನೆಲ್ಲ ಮುಚ್ಚಿಡದೆ ಹೇಳಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೇ ಪ್ರಾಚೀನ ಇತಿಹಾಸ ಮತ್ತು ಶಾಸನಶಾಸ್ತ್ರದ ವಿಭಾಗವಿದೆ, ಮನೆಯಿಂದ ದೂರವಿಲ್ಲ ಎಂದೂ ಹೇಳಿದೆ. ಅಕ್ಕ ದೀಪ ಆರಿಸಿದಳು. ಬಹಳ ಹೊತ್ತು ಅವಳಿಗೆ ನಿದ್ದೆ ಬಂದಿರಲಿಲ್ಲವೆಂಬುದು ಬಳೆಯ ಸದ್ದಿನಿಂದ ತಿಳಿಯುತ್ತಿತ್ತು.

ಬಿಟ್ಟು ಹೋದ ರಾಜಧಾನಿ

ರವಿವಾರ ಬೆಳಗ್ಗೆ ಮೊದಲ ಬಸ್ಸಿಗೇ ಹಳೇ ಗೋವೆಗೆ ಹೋದೆವು. ಪಣಜಿಯಿಂದ ಹತ್ತು ಕಿಲೋಮೀಟರ್ ಒಳಗೆ. ಇಳಿದ ಕೂಡಲೇ ಅಕ್ಕ ಕೇಳಿದ ಮೊದಲ ಪ್ರಶ್ನೆ: "ಊರು ಎಲ್ಲೈತಿ?"

ಸರಿಯಾದ ಪ್ರಶ್ನೆಯೇ. ಊರು ಇಲ್ಲ. ಹುಲ್ಲುಹಾಸು, ತೆಂಗಿನ ಮರ, ಅವುಗಳ ನಡುವೆ ದೊಡ್ಡ ದೊಡ್ಡ ಚರ್ಚುಗಳು, ಅಷ್ಟೆ. ಇಲ್ಲಿ ಒಂದು ಕಾಲಕ್ಕೆ ಬೀದಿ, ಪೇಟೆ, ಅರಮನೆ, ಆಸ್ಪತ್ರೆ ಎಲ್ಲ ಇದ್ದವು. ಗೋವೆ ನೋಡಿದವನು ಲಿಸ್ಬನ್ ನೋಡಬೇಕಿಲ್ಲ ಎಂದು ಪೋರ್ಚುಗೀಸರು ಹೇಳಿಕೊಳ್ಳುತ್ತಿದ್ದರು.

ಅವರಿಗಿಂತ ಮೊದಲು ಇದು ಬಿಜಾಪುರದ ಆದಿಲ್ ಶಾಹನ ಊರು. 1510ರಲ್ಲಿ ಅಲ್ಬುಕರ್ಕ್ ಇದನ್ನು ಒಮ್ಮೆ ಗೆದ್ದು, ಕಳೆದುಕೊಂಡು, ನವೆಂಬರ್ 25ರಂದು ಮತ್ತೆ ಗೆದ್ದ. ಅವನಿಗೆ ನೆರವಾದವನು ಹೊನ್ನಾವರದ ಕಡೆಯ ತಿಮ್ಮಯ್ಯ. ಆ ದಿನ ಸಂತ ಕ್ಯಾಥರೀನಳ ಹಬ್ಬ. ಆದ್ದರಿಂದ ಇಲ್ಲಿನ ಅತಿ ದೊಡ್ಡ ಚರ್ಚು ಸೇ ಕೆಥೆಡ್ರಲ್ ಅವಳ ಹೆಸರಿನಲ್ಲಿದೆ. 1562ರಲ್ಲಿ ಶುರುವಾಗಿ 1619ರಲ್ಲಿ ಕಟ್ಟಡ ಮುಗಿಯಿತು. ಅದರ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಬಿತ್ತು. ಅದನ್ನು ಮತ್ತೆ ಕಟ್ಟಲಿಲ್ಲ. ಒಂದು ಭುಜವಿಲ್ಲದ ಮನುಷ್ಯನ ಹಾಗೆ ನಿಂತಿದೆ.

ಊರು ಯಾಕೆ ಖಾಲಿಯಾಯಿತು? ಮಲೇರಿಯಾ, ಮತ್ತೆ ಮತ್ತೆ ಬಂದ ಸಾಂಕ್ರಾಮಿಕ ರೋಗಗಳು, ಹೂಳು ತುಂಬಿದ ನದಿ, ಕಡಲ ವ್ಯಾಪಾರ ಕಸಿದ ಡಚ್ಚರು. 1759ರಲ್ಲಿ ವೈಸ್‌ರಾಯ್ ಪಣಜಿಯ ಕಡೆಗೆ ಮನೆ ಬದಲಿಸಿದ. 1843ರಲ್ಲಿ ರಾಜಧಾನಿಯೂ ಅಲ್ಲಿಗೇ ಹೋಯಿತು. ಮನೆಗಳ ಕಲ್ಲು ಕೂಡ ಕಿತ್ತು ಒಯ್ದರು. ದೇವರ ಮನೆಗಳು ಮಾತ್ರ ಉಳಿದವು. 1986ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನದಿಯ ಕಡೆ ಹೋದರೆ ವೈಸ್‌ರಾಯ್ ಕಮಾನು. ಹೊಸ ವೈಸ್‌ರಾಯ್ ಬಂದಾಗ ಹಡಗಿನಿಂದಿಳಿದು ಇದರ ಕೆಳಗೆ ನಡೆದು ಊರು ಸೇರಬೇಕು. ಕಟ್ಟಿಸಿದವನು ವಾಸ್ಕೊ ಡ ಗಾಮನ ಮರಿಮಗ. ಅಲ್ಲಿಂದ ನಾಲ್ಕು ಹೆಜ್ಜೆಗೆ ಸೇಂಟ್ ಕಜೆಟಾನ್ ಚರ್ಚು. ಇದನ್ನು ನೋಡಿಯೇ ಅಕ್ಕ ನಿಂತಳು. ಅವಳ ಪಾಠದ ರೋಮ್ ಇಲ್ಲಿತ್ತು. ಇಟಲಿಯಿಂದ ಬಂದ ಥಿಯಟೈನ್ ಪಂಥದ ಪಾದ್ರಿಗಳು ರೋಮಿನ ಸೇಂಟ್ ಪೀಟರ್ ಚರ್ಚಿನ ಮಾದರಿಯಲ್ಲಿ ಕಟ್ಟಿಸಿದ್ದು, 1661ರಲ್ಲಿ ಮುಗಿದದ್ದು. ಎತ್ತರದ ಕಂಬಗಳು, ಮೇಲೆ ಗುಮ್ಮಟ. ಆ ಗುಮ್ಮಟದ ನೇರ ಕೆಳಗೆ, ಚರ್ಚಿನ ನಡುಮಧ್ಯೆ, ಒಂದು ಬಾವಿ! ಹತ್ತಿರದಲ್ಲೇ ಆದಿಲ್ ಶಾಹನ ಅರಮನೆಯದೆಂದು ಹೇಳುವ ಕಲ್ಲಿನ ಬಾಗಿಲೊಂದು ಮಳೆಗೆ ನಿಂತಿದೆ. ಗೋಡೆಯಿಲ್ಲ, ಮನೆಯಿಲ್ಲ, ಬಾಗಿಲೊಂದೇ. ಬಿಜಾಪುರ, ರೋಮ್, ಲಿಸ್ಬನ್ ಮೂರೂ ಕಲ್ಲೆಸೆತದ ದೂರದಲ್ಲಿ.

ನಮ್ಮೂರ ಕಲ್ಲು

ಸಂತ ಫ್ರಾನ್ಸಿಸರ ಮಠದ ಕಟ್ಟಡದಲ್ಲಿ ಪುರಾತತ್ವ ಇಲಾಖೆಯ ಮ್ಯೂಜಿಯಂ ಇದೆ. ಮೇಲಂತಸ್ತಿನಲ್ಲಿ ವೈಸ್‌ರಾಯ್‌ಗಳ ಆಳೆತ್ತರದ ಚಿತ್ರಗಳ ಸಾಲು. ಅಕ್ಕ ಅವನ್ನು ಬೇಗ ದಾಟಿದಳು. "ಎಲ್ಲಾರದೂ ಒಂದ ಮಾರಿ" ಎಂದಳು. ಆದರೆ ಕಲ್ಲುಗಳ ಹತ್ತಿರ ಬಂದಾಗ ಕಾಲು ಕೀಳಲಿಲ್ಲ.

ವೀರಗಲ್ಲುಗಳು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅವನೇ. ನಮ್ಮ ಕಡೆ ಹನುಮಂತನ ಗುಡಿಯ ಮುಂದೆ, ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ಇಂಥವು ನಿಂತೇ ಇವೆ. ಅಕ್ಕ ಸಣ್ಣವಳಿದ್ದಾಗಿನಿಂದ ಅವಕ್ಕೆ ಎಣ್ಣೆ, ಅರಿಷಿಣ ಹಚ್ಚಿದವಳು. ಆದರೆ ಇಲ್ಲಿನ ಒಂದು ಕಲ್ಲಿನಲ್ಲಿ ಕುದುರೆಯ ಬದಲು ಹಡಗು. ಹುಟ್ಟು ಹಾಕುವವರು, ಆಯುಧ ಹಿಡಿದವರು. ಗೋವೆಯ ಕದಂಬರಿಗೆ ನೌಕಾಪಡೆ ಇತ್ತೆಂಬುದಕ್ಕೆ ಕಲ್ಲೇ ಸಾಕ್ಷಿ.

"ನಾವು ಪೂಜಿ ಮಾಡಿದ್ವಿ, ಓದಲಿಲ್ಲ" ಎಂದಳು ಅಕ್ಕ. ಯಾರಿಗೆ ಹೇಳಿದಳೋ ತಿಳಿಯಲಿಲ್ಲ.

ಒಂದು ಎಲುಬಿನ ಕತೆ

ಗುಡ್ಡದ ಮೇಲೆ ಸೇಂಟ್ ಅಗಸ್ಟಿನ್ ಚರ್ಚಿನ ಹಾಳು. 46 ಮೀಟರ್ ಎತ್ತರದ ಒಂಟಿ ಗೋಪುರ, ಕೆಂಪು ಜಂಬಿಟ್ಟಿಗೆ ಕಲ್ಲಿನದು. ಅದೂ ಅರ್ಧವೇ. 1842ರಲ್ಲಿ ಚಾವಣಿ ಕುಸಿಯಿತು, 1931ರಲ್ಲಿ ಮುಂಭಾಗದ ದೊಡ್ಡ ಪಾಲು ಬಿತ್ತು. ನೆಲದ ತುಂಬ ಗೋರಿಕಲ್ಲುಗಳು. ಮಳೆಗೆ ಪಾಚಿ ಹಿಡಿದು ಜಾರುತ್ತಿದ್ದವು. ಒಬ್ಬರ ಕೈ ಒಬ್ಬರು ಹಿಡಿದು ನಡೆದೆವು.

ಇಲ್ಲಿ ನಾನು ಅಕ್ಕನಿಗೆ ಹೇಳಲೆಂದೇ ಓದಿಕೊಂಡು ಬಂದ ಕತೆಯೊಂದಿತ್ತು. ಜಾರ್ಜಿಯಾ ದೇಶದ ರಾಣಿ ಕೆತೆವಾನ್ ಪರ್ಷಿಯಾದಲ್ಲಿ ಸೆರೆಯಾಗಿದ್ದಳು. ಧರ್ಮ ಬಿಡಲೊಪ್ಪದ ಅವಳನ್ನು 1624ರಲ್ಲಿ ಶಿರಾಜ್ ಊರಿನಲ್ಲಿ ಚಿತ್ರಹಿಂಸೆ ಕೊಟ್ಟು ಕೊಂದರು. ಅಗಸ್ಟಿನ್ ಪಂಥದ ಪಾದ್ರಿಗಳು ಅವಳ ಎಲುಬುಗಳನ್ನು ತಂದು ಈ ಮಠದಲ್ಲಿಟ್ಟರೆಂದು ಹಳೆಯ ಪೋರ್ಚುಗೀಸ್ ಬರಹಗಳಲ್ಲಿತ್ತು. ಆದರೆ ಮಠವೇ ಬಿದ್ದ ಮೇಲೆ ಎಲ್ಲಿ ಹುಡುಕುವುದು? ಬರಹದಲ್ಲಿ ಹೇಳಿದ ಕಿಟಕಿಯ ಗುರುತು ಹಿಡಿದು ಪುರಾತತ್ವ ಇಲಾಖೆಯವರು ಅಗೆಯುತ್ತ ಹೋದರು. 2005ರ ಹೊತ್ತಿಗೆ ಕೈತೋಳಿನ ಎಲುಬೊಂದು ಸಿಕ್ಕಿತು. ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯದ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ಮಾಡಿದರು. ಅದು ಭಾರತೀಯರಲ್ಲಿ ಕಾಣದ, ಜಾರ್ಜಿಯಾದವರಲ್ಲಿ ಕಾಣುವ ಬಗೆಯದೆಂದು 2013ರಲ್ಲಿ ಪ್ರಕಟಿಸಿದರು. 2021ರ ಜುಲೈನಲ್ಲಿ ನಮ್ಮ ವಿದೇಶಾಂಗ ಸಚಿವರು ಆ ಅವಶೇಷವನ್ನು ಜಾರ್ಜಿಯಾಕ್ಕೆ ಒಯ್ದು ಒಪ್ಪಿಸಿದರು. ಅಲ್ಲಿಯ ಜನರಿಗೆ ಅವಳು ಸಂತಳು. ಸುಮಾರು ನಾಲ್ಕುನೂರು ವರ್ಷದ ಮೇಲೆ ತವರಿಗೆ ಬಂದಳು.

ಅಕ್ಕ ಕೊಡೆ ಹಿಡಿದು ಸುಮ್ಮನೆ ಕೇಳಿದಳು. ಆಮೇಲೆ, "ಅದನ್ನ ಹುಡುಕಿದವ್ರು ಏನ್ ಓದಿರತಾರ?" ಎಂದಳು.

"ಕೆಲವರು ಇತಿಹಾಸ, ಕೆಲವರು ಪೋರ್ಚುಗೀಸ್ ಭಾಷಾ, ಕೆಲವರು ಸೈನ್ಸು."

"ಸೈನ್ಸೂ ಬೇಕಾಗತೈತೇನು ಅದಕ್ಕ?"

"ಬೇಕಲ್ಲ. ಎಲುಬಿನ ವಯಸ್ಸು ಹೇಳೋದು ಯಾರು ಮತ್ತ?"

ಅವಳು ಇನ್ನೇನೂ ಕೇಳಲಿಲ್ಲ.

ಫ್ಲಾರೆನ್ಸಿನಿಂದ ಬಂದ ಗೋರಿ

ಕೊನೆಗೆ ಬೋಮ್ ಜೀಸಸ್ ಬೆಸಿಲಿಕಾ. ಬೆಳಗಿನ ಪ್ರಾರ್ಥನೆ ಮುಗಿದು ಪ್ರವಾಸಿಗರನ್ನು ಬಿಡುತ್ತಿದ್ದರು. 1594ರಲ್ಲಿ ಶುರುವಾಗಿ 1605ರಲ್ಲಿ ಪ್ರತಿಷ್ಠೆಯಾದ ಚರ್ಚು. ಹೊರಗೆ ಗಿಲಾವಿಲ್ಲದ ಕೆಂಪು ಕಲ್ಲು, ಒಳಗೆ ಬಂಗಾರದ ಬಣ್ಣದ ಪೀಠ. ನಾನು ಐಸ್‌ಕ್ಯಾಂಡಿಗೆ ಓಡಿದ ಬಾಗಿಲು ಇದೇ.

ಬಲಗಡೆಯ ಗುಡಿಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್. ಅವರು 1552ರ ಡಿಸೆಂಬರ್ 3ರಂದು ಚೀನಾದ ತೀರದ ದ್ವೀಪವೊಂದರಲ್ಲಿ ತೀರಿಕೊಂಡರು. ದೇಹ 1554ರಲ್ಲಿ ಗೋವೆಗೆ ಬಂತು. ಅದನ್ನಿಟ್ಟ ಬೆಳ್ಳಿಯ ಪೆಟ್ಟಿಗೆ 1636–37ರಲ್ಲಿ ಗೋವೆಯ ಅಕ್ಕಸಾಲಿಗರು ಮಾಡಿದ್ದು. ಪೆಟ್ಟಿಗೆಯ ಕೆಳಗಿನ ಅಮೃತಶಿಲೆಯ ಕಟ್ಟೆ ಮಾತ್ರ ಇಟಲಿಯದು. ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಕೊಟ್ಟ ಕಾಣಿಕೆ. ಫ್ಲಾರೆನ್ಸಿನ ಶಿಲ್ಪಿ ಜಿಯೊವಾನಿ ಬಟಿಸ್ಟಾ ಫೊಗ್ಗಿನಿ ಹತ್ತು ವರ್ಷ ದುಡಿದು ಮಾಡಿದ್ದನ್ನು ಬಿಡಿಬಿಡಿಯಾಗಿ ಹಡಗಿನಲ್ಲಿ ತಂದು 1698ರಲ್ಲಿ ಇಲ್ಲಿ ಜೋಡಿಸಿದರು. ನಾಲ್ಕು ಕಡೆ ಕಂಚಿನ ಫಲಕಗಳಲ್ಲಿ ಸಂತರ ಬದುಕಿನ ಚಿತ್ರಗಳು. ಸಂತರ ತಲೆಯ ಕೆಳಗಿದ್ದ ದಿಂಬನ್ನು ದೊರೆಗೆ ಕಳಿಸಿದ್ದಕ್ಕೆ ಪ್ರತಿಯಾಗಿ ಈ ಕಾಣಿಕೆ ಬಂತಂತೆ.

"ಒಂದು ತಲಿದಿಂಬಿಗೆ ಇಷ್ಟು ದೊಡ್ಡ ಉಡುಗೊರಿ!" ಎಂದು ಅಕ್ಕ ಬೆರಗಾದಳು. ರೋಮ್‌ಗೆ, ಫ್ಲಾರೆನ್ಸಿಗೆ ಹೋಗಲಾಗದವಳ ಮುಂದೆ ಫ್ಲಾರೆನ್ಸಿನ ಕಲ್ಲೇ ಬಂದು ನಿಂತಿತ್ತು. ಅವಳು ಅಲ್ಲಿ ಅರ್ಧ ತಾಸು ನಿಂತಳು. ಒಂದೊಂದು ಫಲಕವನ್ನೂ ಕತ್ತೆತ್ತಿ ನೋಡಿದಳು. ನಾನು ಈ ಸಲ ಹೊರಗೆ ಹೋಗಲಿಲ್ಲ.

ಇಷ್ಟು ಚೆಲುವನ್ನು ಕಟ್ಟಿದ ಊರೇ ಕ್ರೌರ್ಯವನ್ನೂ ಮಾಡಿತು ಎಂಬುದನ್ನು ಮಕ್ಕಳಿಗೆ ಮುಚ್ಚಿಡಬಾರದು. 1560ರಿಂದ 1812ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಇಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮನ್ಯಾಯಾಲಯ ನಡೆಯಿತು. ಗುಡಿಗಳು ಬಿದ್ದವು. ಮಂಗೇಶ, ಶಾಂತಾದುರ್ಗೆಯರನ್ನು ಭಕ್ತರು ಹೊತ್ತು ನದಿಯಾಚೆ ಒಯ್ದರು. ಎಷ್ಟೋ ಮನೆತನಗಳು ನಮ್ಮ ಕರಾವಳಿಗೆ ಬಂದು ನೆಲೆಸಿದವು. ಅದೇ ಊರಿನಲ್ಲಿ, ಸೇಂಟ್ ಪಾಲ್ ಕಾಲೇಜಿನಲ್ಲಿ, 1556ರಲ್ಲಿ ಭಾರತದ ಮೊದಲ ಮುದ್ರಣಯಂತ್ರ ನೆಲೆಯಾಯಿತು. ಮಾಸ್ತರನಾದವನು ಎರಡನ್ನೂ ಹೇಳಬೇಕು.

ಉಸುಕಿನ ಮೇಲಿನ ಮಗ್ಗಿ

ಮಧ್ಯಾಹ್ನ ಮಡಗಾಂವಕ್ಕೆ ಬಂದು ರೈಲು ಹತ್ತಿದೆವು. ಗಾಡಿ ಘಟ್ಟ ಏರುವಾಗ ಅಕ್ಕನಿಗೆ ಇನ್ನೊಬ್ಬ ಇಟಲಿಯವನ ಕತೆ ಹೇಳಿದೆ. ಪಿಯೆತ್ರೊ ದೆಲ್ಲಾ ವಾಲ್ಲೆ, 1586ರಲ್ಲಿ ರೋಮಿನಲ್ಲಿ ಹುಟ್ಟಿದವನು. ಅವನು 1623ರಲ್ಲಿ ಗೋವೆಗೆ ಬಂದ. ಅದೇ ವರ್ಷ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆ ದಾಟಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋದ. ಘಟ್ಟದ ದಾರಿಯಲ್ಲಿ ಒಂದು ಗುಡಿಯ ಪಡಸಾಲೆಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ಕಂಡ. ಒಬ್ಬ ರಾಗವಾಗಿ ಹೇಳುತ್ತಾನೆ, ಹೇಳುತ್ತಲೇ ನೆಲದ ಉಸುಕಿನ ಮೇಲೆ ಬರೆಯುತ್ತಾನೆ. ಉಳಿದವರು ಹಾಗೆಯೇ ಹಾಡಿ ಬರೆಯುತ್ತಾರೆ. ನೆಲ ತುಂಬಿದರೆ ಅಳಿಸಿ ಹೊಸ ಉಸುಕು ಹರಡುತ್ತಾರೆ. ಮಾಸ್ತರನಿಲ್ಲದೆ ತಪ್ಪಿದರೆ ತಿದ್ದುವವರು ಯಾರು ಎಂದು ಅವನು ಕೇಳಿದನಂತೆ. ನಾಲ್ಕೂ ಜನ ಒಮ್ಮೆಗೇ ತಪ್ಪುವುದಿಲ್ಲವಲ್ಲ, ತಪ್ಪಿದವನನ್ನು ಉಳಿದವರು ತಿದ್ದುತ್ತೇವೆ ಎಂದರಂತೆ ಹುಡುಗರು. ರೋಮಿನವನು ಮೆಚ್ಚಿ ಇದನ್ನು ತನ್ನ ಪತ್ರದಲ್ಲಿ ಬರೆದಿಟ್ಟ.

"ನಮ್ಮಪ್ಪನೂ ಉಸುಕಿನ ಮ್ಯಾಲೆ ಅಕ್ಷರಾ ತಿದ್ದಿದಾವ" ಎಂದಳು ಅಕ್ಕ. ಸ್ವಲ್ಪ ತಡೆದು, "ಅಂವಗ ನನ್ನ ಕಳಸೂ ಮನಸ್ಸಿತ್ತೋ ತಮ್ಮಾ. ದುಡ್ಡಿರಲಿಲ್ಲ" ಎಂದಳು.

ಎರಡು ವರ್ಷದ ನಂತರ ನನಗೆ ಆ ದುಡ್ಡು ಹೇಗೆ ಬಂತೆಂದು ಅವಳು ಕೇಳಲಿಲ್ಲ. ನಾನೇ ಹೇಳಿದೆ. ಚರ್ಚಿನೊಳಗೆ ಅಂದು ಐದು ನಿಮಿಷವೂ ನಿಂತಿರಲಿಲ್ಲವೆಂದು, ಆ ರಾತ್ರಿ ಹೇಳಿದ್ದೆಲ್ಲ ಸುಳ್ಳೆಂದು ಹೇಳಿದೆ.

"ಗೊತ್ತಿತ್ತು ಬಿಡು" ಎಂದಳು ಅಕ್ಕ. "ಸಂತನ ದೇಹ ಎದ್ದು ಕುಂತೈತಿ ಅಂದಿದ್ದಿ."

ಇಬ್ಬರೂ ನಕ್ಕೆವು. ಎದುರಿನ ಸೀಟಿನ ಮುದುಕ ಎಚ್ಚರಾಗಿ ನೋಡಿದ.

ಕ್ಯಾಸಲ್‌ರಾಕ್ ದಾಟಿದ ಮೇಲೆ ಕತ್ತಲಾಯಿತು. ಅಕ್ಕ ಖಾಲಿ ಬುತ್ತಿಯ ಚೀಲವನ್ನು ಮಡಚಿ ಮಡಿಲಲ್ಲಿಟ್ಟುಕೊಂಡು ಪ್ರಶ್ನೆ ಕೇಳುತ್ತಲೇ ಇದ್ದಳು. ಧಾರವಾಡದಲ್ಲಿ ಹಾಸ್ಟೆಲ್ ಸಿಗುತ್ತದೆಯೇ, ಬಿ.ಎ.ಗೆ ಫೀ ಎಷ್ಟು, ಅರ್ಜಿಗೆ ಕೊನೆಯ ದಿನ ಯಾವಾಗ, ಆರ್ಕಿಯಾಲಜಿ ಆಗದೆ ಹೋದರೆ ಬಿ.ಎಡ್ ಮಾಡಬಹುದೇ. ಲೆಕ್ಕ ಹಾಕುವ ತಾಯಿಯ ಪ್ರಶ್ನೆಗಳು. ಗೊತ್ತಿದ್ದಕ್ಕೆ ಉತ್ತರ ಹೇಳಿದೆ. ಗೊತ್ತಿಲ್ಲದ್ದನ್ನು ಈ ಸಲ ಗೊತ್ತಿಲ್ಲ ಎಂದೇ ಹೇಳಿದೆ.

ಅಳ್ನಾವರದಲ್ಲಿ ಇಳಿದಾಗ ಮಾಮಾ ಕೊಡೆ ಹಿಡಿದು ಪ್ಲಾಟ್‌ಫಾರಂ ಮೇಲೆ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮೆಲ್ಲಗೆ, "ನೀ ಸುಮ್ನಿರು. ನಾ ಮಾತಾಡತೀನಿ" ಎಂದಳು.

ಹೋಗುವವರಿಗೆ: ಹಳೇ ಗೋವೆ ಪಣಜಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯೂ ಇಲ್ಲ. ಮ್ಯೂಜಿಯಂಗೆ ಶುಕ್ರವಾರ ರಜೆ. ರವಿವಾರ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆಯೇ ಬೆಸಿಲಿಕಾದೊಳಗೆ ಪ್ರವಾಸಿಗರಿಗೆ ಪ್ರವೇಶ. ಮೈಮುಚ್ಚುವ ಉಡುಪಿರಲಿ. ಸಂತರ ದೇಹವನ್ನು ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ದರ್ಶನಕ್ಕಿಡುತ್ತಾರೆ. ಹಿಂದಿನ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ದೂಧಸಾಗರವನ್ನು ರೈಲಿನ ಕಿಟಕಿಯಿಂದಲೇ ನೋಡಿ, ಹಳಿಯ ಮೇಲೆ ಇಳಿಯಬೇಡಿ. ಮಳೆಗಾಲವಾದರೆ ಕೊಡೆ ಮರೆಯಬೇಡಿ. ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಸಮುದ್ರಕ್ಕೆ ಒಂದು ತಾಸು ಕಡಿಮೆ ಮಾಡಿ ಮ್ಯೂಜಿಯಂಗೆ ಕೊಟ್ಟರೆ ಒಳ್ಳೆಯದು.